ಮಾರಾಟಕ್ಕಿರುವುದು ಕಲ್ಲೋ, ಒಳಗಿರುವ ಬದುಕೋ?

(ಕಾರ್ಮಿಕರ ಮತ್ತು ವರ್ತಕರ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)

ಬಂಧುಗಳೇ,

ಇಂದು ನಾವು ಒಂದು ಮನೆಯ ವ್ಯಾಪಾರದ ವಿಚಾರ ಹೇಳಲು ನಿಂತಿದ್ದೇವೆ. ಮನೆ ಈ ಊರಿನದಲ್ಲ, ಅಮೆರಿಕದ ನ್ಯೂಯಾರ್ಕ್ ನಗರದ್ದು. ಅಷ್ಟು ದೂರದ ಮನೆಯ ಗೊಡವೆ ನಮಗೇಕೆಂದು ಕೇಳಬಹುದು. ಈ ಸಭೆಯಲ್ಲಿ ತಿಂಗಳ ಬಾಡಿಗೆಗೆ ಪರದಾಡುವವರಿದ್ದಾರೆ. ಕಾಸಿಗೆ ಕಾಸು ಕೂಡಿಸಿ ಸ್ವಂತ ಮನೆ ಕೊಳ್ಳಬೇಕೆನ್ನುವವರೂ ಇದ್ದಾರೆ. ಇಬ್ಬರಿಗೂ ಅಲ್ಲೊಂದು ಪಾಠವಿದೆ.

ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಬೆಡ್‌ಫರ್ಡ್-ಸ್ಟೈವಸೆಂಟ್ ಎಂಬ ಬಡಾವಣೆ ಇದೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಿದ ಸಾಲುಮನೆಗಳು ಅಲ್ಲಿವೆ. ಇಟ್ಟಿಗೆಯ ಗೋಡೆ, ಬೀದಿಯ ಕಡೆಗೆ ಕಂದು ಮರಳುಗಲ್ಲಿನ ಹೊದಿಕೆ, ಬಾಗಿಲಿಗೆ ಎತ್ತರದ ಮೆಟ್ಟಿಲು, ಮೂರು ನಾಲ್ಕು ಅಂತಸ್ತು. ಹೆಚ್ಚಿನವನ್ನು ಕಟ್ಟಿದ್ದು ಉಳ್ಳವರ ಒಂದೊಂದು ಕುಟುಂಬಕ್ಕೆ. ಮುಂದೆ ಕಾಲ ಕೆಟ್ಟಾಗ ಅಂತಸ್ತಿಗೊಂದು ಸಂಸಾರ ಬಂದು ಸೇರಿತು. ನಮ್ಮ ವಠಾರವನ್ನೇ ಎತ್ತಿ ನೆಟ್ಟಗೆ ನಿಲ್ಲಿಸಿದಂತೆ ಎಂದುಕೊಳ್ಳಿ.

1930ರ ದಶಕದಲ್ಲಿ ಅಲ್ಲಿಯ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆಗೆ ಬಣ್ಣ ಬಳಿಯಿತು. ಕೆಂಪು ಎಂದರೆ ಸಾಲ ಕೊಡುವುದು ಅಪಾಯ ಎಂದರ್ಥ. ಕಪ್ಪು ಜನರಿದ್ದ ಬೀದಿಗಳಿಗೆ ಕೆಂಪೇ ಬಿತ್ತು. ಈ ಬಡಾವಣೆಗೂ ಬಿತ್ತು. ಬ್ಯಾಂಕುಗಳು ಮುಖ ತಿರುಗಿಸಿದವು. ಆದರೂ ಕಪ್ಪು ದುಡಿಮೆಗಾರರು ಹೊಟ್ಟೆಬಟ್ಟೆ ಕಟ್ಟಿ ಆ ಮನೆಗಳನ್ನು ಕೊಂಡರು. ಒಂದು ಅಂತಸ್ತಿನಲ್ಲಿ ತಾವಿದ್ದು, ಉಳಿದುವನ್ನು ಬಾಡಿಗೆಗೆ ಕೊಟ್ಟು ಕಂತು ತೀರಿಸಿದರು. ಮನೆ ಮಾರುವಲ್ಲಿ, ಬಾಡಿಗೆಗೆ ಕೊಡುವಲ್ಲಿ ವರ್ಣಭೇದ ಕೂಡದೆಂಬ ಕೇಂದ್ರ ಕಾನೂನು ಬಂದದ್ದು 1968ರಲ್ಲಿ.

ಈಗ ಗಾಳಿ ತಿರುಗಿದೆ. ಹಿಂದೆ ಯಾರಿಗೂ ಬೇಡವಾಗಿದ್ದ ಬೀದಿಯ ಮೇಲೆ ಹಣವಂತರ ಕಣ್ಣು ಬಿದ್ದಿದೆ. ಅಂಥ ಮನೆಯೊಂದು ಹತ್ತು ಲಕ್ಷ ಡಾಲರಿಗೂ ಮೇಲೆ ಹೋಗುವುದು ಸಾಮಾನ್ಯವಾಗಿದೆ. ಒಳಗೆ ಜನರಿದ್ದರೆ ಒಂದು ಬೆಲೆ, ಖಾಲಿ ಮಾಡಿಸಿ ಕೊಟ್ಟರೆ ಹೆಚ್ಚಿನ ಬೆಲೆ!

ಕಾನೂನು ಏನು ಹೇಳುತ್ತದೆ? 1965ರಲ್ಲಿ ನ್ಯೂಯಾರ್ಕ್ ನಗರ ಹಳೆಯ ಕಟ್ಟಡಗಳ ರಕ್ಷಣೆಗೆ ಕಾನೂನು ಮಾಡಿತು. 1971ರಲ್ಲಿ ಈ ಬಡಾವಣೆಯ ಸ್ಟೈವಸೆಂಟ್ ಹೈಟ್ಸ್ ಭಾಗ ಅದರೊಳಗೆ ಬಂತು. ಅಲ್ಲಿ ಮನೆಯ ಹೊರಮುಖ ಬದಲಿಸಬೇಕಾದರೆ ಆಯೋಗದ ಅಪ್ಪಣೆ ಬೇಕು. ಒಳ್ಳೆಯದೇ. ಆದರೆ ಒಳಗಿರುವ ಮನುಷ್ಯನ ಗತಿ? ಬಾಡಿಗೆ ಏರದಂತೆ ತಡೆಯುವ ನಗರದ ಮುಖ್ಯ ಕಾನೂನು ಸಾಮಾನ್ಯವಾಗಿ 1974ಕ್ಕೆ ಮುಂಚೆ ಕಟ್ಟಿದ, 6 ಅಥವಾ ಹೆಚ್ಚು ಬಿಡಾರಗಳಿರುವ ಕಟ್ಟಡಕ್ಕೆ ಮಾತ್ರ. ಮೂರು ನಾಲ್ಕು ಸಂಸಾರಗಳ ಮನೆ ಅದರ ಹೊರಗೆ. 2024ರ ಹೊಸ ಕಾನೂನೂ ಸಣ್ಣ ಮಾಲೀಕರನ್ನು ಬಿಟ್ಟುಕೊಟ್ಟಿದೆ. ಅಂಥ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದವನಿಗೂ, ಕರಾರು ಮುಗಿದ ಮೇಲೆ ಕಾನೂನು ಕೊಡಿಸುವುದು 90 ದಿನಗಳ ನೋಟೀಸು. ಮುಂಬಾಗಿಲು ಬದಲಿಸಲು ಅಪ್ಪಣೆ ಬೇಕು. ಆ ಬಾಗಿಲಿನಿಂದ ಒಂದು ಸಂಸಾರವನ್ನು ಹೊರಗೆ ಕಳಿಸುವ ದಾರಿ ಈ ನೋಟೀಸಿನಿಂದಲೇ ತೆರೆಯುತ್ತದೆ!

ಹಾಗಾದರೆ ಮನೆ ಕೊಳ್ಳುವವನು ನಮ್ಮ ವೈರಿಯೇ? ಅಲ್ಲ. ಈ ಮಾತನ್ನು ವರ್ತಕ ಮಿತ್ರರು ಗಮನಿಸಬೇಕು. ತಾನಿರಲು ಒಂದು ಸೂರು ಕೊಂಡು, ಉಳಿದ ಅಂತಸ್ತುಗಳ ಬಾಡಿಗೆಯಿಂದ ಸಾಲ ತೀರಿಸುವವನು ಬಂಡವಾಳಶಾಹಿಯಲ್ಲ. ಆ ಕಪ್ಪು ದುಡಿಮೆಗಾರರೂ ಮಾಡಿದ್ದು ಅದನ್ನೇ. ಸಾಲು ಸಾಲಾಗಿ ಕೊಂಡು, ಖಾಲಿ ಮಾಡಿಸಿ, ಮತ್ತೆ ಮಾರುವವನ ಮಾತೇ ಬೇರೆ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಸಣ್ಣವನು ದೊಡ್ಡವನ ಬೆನ್ನಿಗೆ ನಿಲ್ಲುತ್ತಾನೆ. ಆ ತಪ್ಪು ನಾವು ಮಾಡಬಾರದು.

ನಾವು ಮೇಷ್ಟರಾಗಿದ್ದಾಗ ಮಕ್ಕಳಿಗೆ ಹೇಳುತ್ತಿದ್ದೆವು: ಉತ್ತರ ಸರಿ ಬಂದರೂ ನಡುವಿನ ಒಂದು ಸಾಲು ಬಿಟ್ಟರೆ ಪೂರ್ತಿ ಅಂಕ ಸಿಗದು. ಮನೆ ಕೊಳ್ಳುವವನು ಕಲ್ಲು ನೋಡುತ್ತಾನೆ, ಛಾವಣಿ ನೋಡುತ್ತಾನೆ, ಕಂದಾಯ ಕೇಳುತ್ತಾನೆ, ಬಡ್ಡಿ ಹಾಕುತ್ತಾನೆ. ಒಳಗಿರುವವರು ಯಾರು, ಎಷ್ಟು ವರ್ಷದಿಂದ ಇದ್ದಾರೆ, ಬಿಟ್ಟರೆ ಎಲ್ಲಿಗೆ ಹೋದಾರು ಎಂಬ ಸಾಲನ್ನು ಬಿಡುತ್ತಾನೆ.

ಆ ಸಾಲನ್ನು ಕಾನೂನಿನಲ್ಲೇ ಬರೆದ ಊರೊಂದು ಅದೇ ದೇಶದಲ್ಲಿದೆ. ರಾಜಧಾನಿ ವಾಷಿಂಗ್ಟನ್ನಿನಲ್ಲಿ 1980ರ ಕಾನೂನಿನಂತೆ, ಬಾಡಿಗೆ ಮನೆ ಮಾರುವ ಮಾಲೀಕ ಒಳಗಿರುವವರಿಗೆ ಕೊಳ್ಳುವ ಮೊದಲ ಅವಕಾಶ ಕೊಡಬೇಕಾಯಿತು. ಒಬ್ಬೊಬ್ಬರಿಂದ ಆಗದ್ದನ್ನು ಸಂಘ ಕಟ್ಟಿ ಮಾಡಿದರು. ಎಷ್ಟೋ ಕಟ್ಟಡಗಳು ಅಲ್ಲಿದ್ದವರದೇ ಸಹಕಾರ ಸಂಘಗಳ ಕೈಗೆ ಬಂದವು. ಮುಂದೆ ಆ ಕಾನೂನಿಗೆ ವಿನಾಯಿತಿಗಳು ಸೇರಿದವು. 2018ರಲ್ಲಿ ಒಂಟಿ ಕುಟುಂಬದ ಮನೆಗಳನ್ನು ಬಹುಮಟ್ಟಿಗೆ ಹೊರಗಿಟ್ಟರು. ಗೆದ್ದ ಹಕ್ಕನ್ನು ಕಾಯದಿದ್ದರೆ ಅದು ಅಂಚಿನಿಂದ ಸವೆಯುತ್ತದೆ.

ಬಂಧುಗಳೇ, ನಾವು ಕೇಳುವುದು ದಾನವಲ್ಲ. ಮನೆ ಮಾರಲಿ, ನ್ಯಾಯವಾದ ಬೆಲೆಯನ್ನೇ ಪಡೆಯಲಿ. ಆದರೆ ಮೊದಲ ಮಾತು ಒಳಗಿರುವವರ ಜೊತೆಗೆ ಆಗಲಿ. ಬಾಡಿಗೆಯವರು ಸಂಘ ಕಟ್ಟಲಿ. ಕೊಳ್ಳುವವರು ಮುಂಗಡ ಕೊಡುವ ಮುನ್ನ ಒಳಗೆ ಹೋಗಿ, ಅಲ್ಲಿಯ ಒಲೆಯ ಮುಂದೆ ಕೂತು ಎರಡು ಮಾತಾಡಲಿ. ಕಲ್ಲಿಗೆ ಸಿಕ್ಕ ರಕ್ಷಣೆ ಮನುಷ್ಯನಿಗೂ ಸಿಗಬೇಕು. ಇದಿಷ್ಟೇ ನಮ್ಮ ಬೇಡಿಕೆ.