ಪೈಪಿನ ಮೇಲಿನ ನಂಬರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತಾಡಿದವರು ಡಾಕ್ಟರು, ಅವರಿಗಿಂತ ಮೊದಲಿನವರು ತಹಸೀಲ್ದಾರರು. ನಾನು ಮೂವತ್ತೆರಡು ವರ್ಷ ಪೈಪು ನೋಡಿದವನು. ನೋಡಿದವನು ಎಂದರೆ ತಮಾಷೆಗೆ ಹೇಳಿದ್ದಲ್ಲ, ಅದೇ ನನ್ನ ಕೆಲಸ. ಕಾರ್ಖಾನೆಯಲ್ಲಿ ತಯಾರಾದ ಪೈಪು, ಫ್ಲ್ಯಾಂಜು, ಬೆಂಡುಗಳನ್ನು ಅಳೆದು, ಪರೀಕ್ಷಿಸಿ, ಕಾಗದ ಓದಿ, ಸರಿಯಿದ್ದರೆ ಸಹಿ ಹಾಕುವುದು. ಕ್ವಾಲಿಟಿ ಇನ್ಸ್‌ಪೆಕ್ಟರ್ ಅನ್ನುತ್ತಾರೆ. ಪಾಲಿಟೆಕ್ನಿಕ್ ಮುಗಿಸಿ ಮಹಾರಾಷ್ಟ್ರದ ಕಡೆ ಹೋದವನು ನಿವೃತ್ತಿಯಾದ ಮೇಲೆಯೇ ಊರಿಗೆ ಬಂದದ್ದು. ಬಂದಾಗಿನಿಂದ ಅಂಗಡಿಯ ಹತ್ತಿರ ಕೂತರೆ ಯಾರಾದರೂ ಕೇಳುತ್ತಾರೆ: "ಭಾವಾ, ನೀನು ಅಣುಸ್ಥಾವರಕ್ಕೆ ಸಾಮಾನು ಕಳಿಸೋ ಕಂಪನಿಯಲ್ಲಿ ಇದ್ದವನಲ್ಲವಾ? ನಮ್ಮ ಕೈಗಾದ್ದು ಏನು ಕಥೆ?"

ಕೈಗಾ ನಮಗೆ ಪೇಪರಿನ ಸುದ್ದಿಯಲ್ಲ. 1994ರಲ್ಲಿ ಕಟ್ಟುತ್ತಿದ್ದಾಗಲೇ ಗುಮ್ಮಟದ ಒಳಪದರ ಕಳಚಿ ಬಿದ್ದದ್ದು ನಮ್ಮ ತಾಯಂದಿರಿಗೂ ಗೊತ್ತು. ಅದೇ ಕೈಗಾದ ಒಂದನೇ ಘಟಕ 962 ದಿನ ಒಂದೇ ಸಮ ನಡೆದು 2018ರ ಕೊನೆಯ ದಿನ ನಿಂತದ್ದನ್ನೂ ನಾವು ಓದಿದ್ದೇವೆ. ಎರಡೂ ಅಲ್ಲಿಯದೇ. ನಾನು ಅಲ್ಲಿ ಕೆಲಸ ಮಾಡಿದವನಲ್ಲ, ಅದರ ಪರವಾಗಿಯೋ ವಿರೋಧವಾಗಿಯೋ ಭಾಷಣ ಮಾಡಲು ಬಂದವನೂ ಅಲ್ಲ. ನನಗೆ ತಿಳಿದ ಒಂದು ಸಣ್ಣ ವಿಷಯ ಹೇಳುತ್ತೇನೆ. "ಸ್ಥಾವರಕ್ಕೆ ಕೆಟ್ಟ ಪೈಪು ಹೋಗಿದೆ" ಎಂದು ಯಾರೋ ದೂರು ಕೊಟ್ಟರೆ ಅದನ್ನು ತನಿಖೆ ಮಾಡುವುದು ಹೇಗೆ ಎಂಬುದು.

ಮೊದಲು, ಪೈಪಿನಲ್ಲಿ ಅಂಥದ್ದೇನಿದೆ? ಅಣುಸ್ಥಾವರದಲ್ಲಿ ಇಂಧನ ಬಿಸಿಯಾಗುತ್ತದೆ, ಆ ಬಿಸಿಯನ್ನು ನೀರು ಹೊತ್ತು ಒಯ್ಯುತ್ತದೆ, ಕೊನೆಗೆ ಉಗಿ ಟರ್ಬೈನು ತಿರುಗಿಸುತ್ತದೆ. ಇಡೀ ದಾರಿ ಪೈಪೇ. ಜಪಾನಿನ ಮಿಹಾಮಾ ಎಂಬಲ್ಲಿ 2004ರ ಆಗಸ್ಟ್ 9ರಂದು ಮೂರನೇ ಘಟಕದ ಒಂದು ಪೈಪು ಒಡೆಯಿತು. ವಿಕಿರಣ ಇಲ್ಲದ ಬರೀ ಬಿಸಿನೀರು. ಆದರೆ ಒತ್ತಡದಲ್ಲಿದ್ದ ನೀರು, ಹೊರಗೆ ಬಂದ ಕೂಡಲೇ ಉಗಿಯಾಯಿತು. 5 ಜನ ಕೆಲಸಗಾರರು ಸತ್ತರು. 10 ಮಿಲಿಮೀಟರ್ ದಪ್ಪ ಇರಬೇಕಾದ ಗೋಡೆ ಸವೆದು ತೀರಾ ತೆಳ್ಳಗಾಗಿತ್ತು. 1976ರಲ್ಲಿ ಶುರುವಾದ ಸ್ಥಾವರ; ಆ ಜಾಗದ ಹೆಸರು ತಪಾಸಣೆಯ ಪಟ್ಟಿಯಲ್ಲೇ ಬಿಟ್ಟುಹೋಗಿತ್ತು. ಅದಕ್ಕೂ ಮೊದಲು, 1986ರ ಡಿಸೆಂಬರಿನಲ್ಲಿ, ಅಮೆರಿಕದ ಸರಿ ಸ್ಥಾವರದಲ್ಲಿ ಇಂಥದೇ ಪೈಪು ಒಡೆದು 4 ಜನ ಹೋಗಿದ್ದರು. (ಸರಿ ಎಂಬುದು ಸ್ಥಾವರದ ಹೆಸರು, ಮಕ್ಕಳೇ, ನಗಬೇಡಿ.) ಈ ಎರಡೂ ಕಡೆ ಪೈಪು ಬರುವಾಗ ಚೆನ್ನಾಗಿಯೇ ಇತ್ತು, ಹರಿಯುವ ನೀರು ಸವೆಸಿತು. ಉಕ್ಕಿಗೆ ಸ್ವಲ್ಪ ಕ್ರೋಮಿಯಂ ಸೇರಿಸಿದರೆ ಈ ಸವೆತ ತುಂಬ ಕಡಿಮೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ದನಗಳ ಕಿವಿಗೆ ಸರ್ಕಾರದವರು ಹಳದಿ ಓಲೆ ಹಾಕುತ್ತಾರಲ್ಲ, ನಂಬರು ಇರುವುದು? ಪೈಪಿಗೂ ಹಾಗೆ ಒಂದು ನಂಬರು ಇದೆ. ಒಂದು ಸಲಕ್ಕೆ ಕುಲುಮೆಯಲ್ಲಿ ಕರಗಿದ ಉಕ್ಕನ್ನು ಒಂದು 'ಹೀಟ್' ಅನ್ನುತ್ತೇವೆ. ಆ ಹೀಟಿನ ಮಾದರಿ ತೆಗೆದು ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು, ಕ್ರೋಮಿಯಂ ಎಷ್ಟು ಎಂದು ನೋಡುತ್ತಾರೆ, ಎಳೆದು ಮುರಿದು ಶಕ್ತಿ ಅಳೆಯುತ್ತಾರೆ, ಎಲ್ಲವನ್ನೂ ಒಂದು ಸರ್ಟಿಫಿಕೇಟಿನಲ್ಲಿ ಬರೆಯುತ್ತಾರೆ. ಪೈಪಿನ ಮೈಮೇಲೆ ಆ ಹೀಟ್ ನಂಬರು ಪಂಚ್ ಆಗಿರುತ್ತದೆ. ನಂಬರಿಗೂ ಕಾಗದಕ್ಕೂ ತಾಳೆಯಾದರೆ ಅದು ಇಂಥ ಪೈಪು. ನಂಬರು ಅಳಿಸಿದರೆ ಅದು ಬರೀ ಕಬ್ಬಿಣ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ತೂಕದಲ್ಲೂ ಗೊತ್ತಾಗುವುದಿಲ್ಲ.

ಮೋಸ ಮಾಡುವವನು ಪೈಪಿಗೆ ಕೈ ಹಾಕುವುದಿಲ್ಲ, ಕಾಗದಕ್ಕೆ ಕೈ ಹಾಕುತ್ತಾನೆ. ನಮ್ಮ ಕಸುಬಿನಲ್ಲಿ ಎಲ್ಲರೂ ಓದಿಕೊಂಡಿರುವ ಒಂದು ಪ್ರಕರಣ 1988ರದು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎರಡು ಕಂಪನಿಗಳು, ಪೈಪಿಂಗ್ ಸಪ್ಲೈಸ್ ಮತ್ತು ವೆಸ್ಟ್ ಜೆರ್ಸಿ ಮ್ಯಾನುಫ್ಯಾಕ್ಚರಿಂಗ್. ಅಲ್ಲಿನ ಪರಮಾಣು ನಿಯಂತ್ರಣ ಆಯೋಗ ಆ ವರ್ಷ ಮೇ 6ರಂದು ಎಲ್ಲ ಸ್ಥಾವರಗಳಿಗೂ ಒಂದು ಬುಲೆಟಿನ್ ಕಳಿಸಿತು. ಆ ಕಂಪನಿಗಳು ಸಾಮಾನ್ಯ ದರ್ಜೆಯ ವಿದೇಶೀ ಉಕ್ಕನ್ನು ಅಣುಸ್ಥಾವರದ ದರ್ಜೆಯದು ಎಂದು ತೋರಿಸುವ ಸುಳ್ಳು ಸರ್ಟಿಫಿಕೇಟುಗಳನ್ನು ಕೊಟ್ಟಿದ್ದವು, ಬೇರೆ ಕಂಪನಿಗಳ ಲೆಟರ್‌ಹೆಡ್ ಬಳಸಿ. ಸರಬರಾಜಾದದ್ದು ಫ್ಲ್ಯಾಂಜು, ಪೈಪಿನ ಜೋಡಣೆಯ ಭಾಗಗಳು. ಅವು ಆಗಲೇ ಎಷ್ಟೋ ಸ್ಥಾವರಗಳ ಒಳಗೆ ಕೂತಿದ್ದವು. ಕೂತದ್ದನ್ನು ಕತ್ತರಿಸಿ ನೋಡುವುದು ಹೇಗೆ? ಕೈಯಲ್ಲಿ ಹಿಡಿಯುವ ಗಟ್ಟಿತನದ ಮಾಪಕ ತಂದು, ಫ್ಲ್ಯಾಂಜಿನ ಮೈಗೆ ತಾಗಿಸಿ, ಗಟ್ಟಿತನದಿಂದ ಶಕ್ತಿಯನ್ನು ಅಂದಾಜು ಮಾಡುವುದು. ಜೂನಿನಲ್ಲಿ ಆಯೋಗ ಇನ್ನೊಂದು ಪತ್ರ ಬರೆದು ಕೆಲಸ ಹೆಚ್ಚಿಸಿತು, ಆಗಸ್ಟಿನಲ್ಲಿ ಮತ್ತೊಂದು ಬರೆದು ಪರೀಕ್ಷೆಗಳನ್ನು ತಡೆಹಿಡಿಯಿತು. ಯಾಕೆಂದರೆ ಪರೀಕ್ಷಿಸಿದವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಸಾಲುವಷ್ಟು ಗಟ್ಟಿಯಾಗಿಯೇ ಇದ್ದವು.

ಹಾಗಾದರೆ ಸುಮ್ಮನೆ ಗಲಾಟೆಯೇ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಕಾಗದ ಸುಳ್ಳು, ಕಬ್ಬಿಣ ಪರವಾಗಿಲ್ಲ ಎಂದಾದರೆ ನಾವು ಬದುಕಿದ್ದು ಅದೃಷ್ಟದಿಂದ, ಲೆಕ್ಕದಿಂದಲ್ಲ. ದಕ್ಷಿಣ ಕೊರಿಯಾದಲ್ಲಿ 2012ರಲ್ಲಿ 8 ಸರಬರಾಜುದಾರರು 60 ನಕಲಿ ಸರ್ಟಿಫಿಕೇಟು ಕೊಟ್ಟದ್ದು ಹೊರಗೆ ಬಂದಾಗ ಫ್ಯೂಸು, ಸ್ವಿಚ್ಚಿನಂಥ ಸಣ್ಣ ಭಾಗಗಳಿಗಾಗಿಯೇ ಎರಡು ರಿಯಾಕ್ಟರ್ ನಿಲ್ಲಿಸಿದರು. ಫ್ರಾನ್ಸಿನ ಕ್ರೂಜೋ ಊರಿನ ದೊಡ್ಡ ಉಕ್ಕಿನ ಕಾರ್ಖಾನೆಯ ಹಳೆಯ ಕಡತಗಳಲ್ಲಿ 2016ರಲ್ಲಿ ಅಕ್ರಮ ಸಿಕ್ಕಾಗ 1965ರವರೆಗೆ ಹಿಂದಕ್ಕೆ ಹೋಗಿ ನೋಡಬೇಕಾಯಿತು. ಅಣು ತಂತ್ರಜ್ಞಾನದಲ್ಲಿ ಹೆಸರು ಮಾಡಿದ ದೇಶಗಳಿವು.

ಇನ್ನು ನನ್ನ ಕಥೆ. ಇದನ್ನು ಹೇಳಬೇಕೋ ಬೇಡವೋ ಎಂದು ನಿನ್ನೆ ರಾತ್ರಿಯವರೆಗೂ ಯೋಚಿಸಿದೆ. ಕಂಪನಿಯ ಹೆಸರು ಹೇಳುವುದಿಲ್ಲ.

ನನಗೆ ನಲವತ್ತರ ಹತ್ತಿರ. ನಮ್ಮ ಗಿರಾಕಿಗೆ ಒಂದು ಅನಾಮಧೇಯ ಪತ್ರ ಹೋಯಿತು, ಒಂದು ಅಣುಸ್ಥಾವರಕ್ಕೆ ಕಳಿಸಿದ ಪೈಪುಗಳ ಬಗ್ಗೆ. ಮೂರು ಆರೋಪ. ನೀರಿನ ಒತ್ತಡದ ಪರೀಕ್ಷೆ ಮಾಡಿಲ್ಲ. ಬೆಸುಗೆಯ ಎಕ್ಸ್‌ರೇ ಫಿಲ್ಮುಗಳು ನಕಲಿ. ಕ್ರೋಮಿಯಂ ಇರುವ ಪೈಪಿನ ಜೊತೆ ಸಾದಾ ಪೈಪು ಬೆರೆಸಿದ್ದಾರೆ. ನಾಲ್ಕು ಜನರ ತಂಡ ಬಂತು. ಸಹಾಯಕ್ಕೆ ನನ್ನನ್ನು ಕೊಟ್ಟರು.

ಮೊದಲನೆಯದು ಒಂದೇ ದಿನದಲ್ಲಿ ಬಿದ್ದುಹೋಯಿತು. ಒತ್ತಡದ ಪರೀಕ್ಷೆಯ ಗ್ರಾಫ್ ಕಾಗದಗಳೆಲ್ಲ ದಿನಾಂಕ ಸಮೇತ ಇದ್ದವು. ಎರಡನೆಯದು ಇನ್ನೂ ಬೇಗ ಬಿತ್ತು. ಆ ಪೈಪುಗಳಿಗೆ ಬೆಸುಗೆಯೇ ಇಲ್ಲ, ಸೀಮ್‌ಲೆಸ್. ಇಲ್ಲದ ಬೆಸುಗೆಗೆ ಎಕ್ಸ್‌ರೇ ಎಲ್ಲಿಂದ? ನಮ್ಮ ಮ್ಯಾನೇಜರರು ನಕ್ಕರು, ತಂಡದವರೂ ನಕ್ಕರು, ನಾನೂ ನಕ್ಕೆ. ಹೊಟ್ಟೆಕಿಚ್ಚಿನವರು ಬರೆದದ್ದು ಎಂದು ಎಲ್ಲರೂ ಊಟಕ್ಕೆ ಎದ್ದೆವು. ತಂಡದಲ್ಲಿ ಒಬ್ಬ ಹೆಣ್ಣುಮಗಳು, ಎಲ್ಲರಿಗಿಂತ ಚಿಕ್ಕವಳು, ಏಳಲಿಲ್ಲ. "ಪತ್ರ ಬರೆದವರಿಗೆ ಪರೀಕ್ಷೆಗಳ ವಿಷಯ ಗೊತ್ತಿಲ್ಲ ಸರ್. ಆದರೆ ಪೈಪು ಯಾವ ಲಾರಿಯಿಂದ ಇಳಿಯಿತು ಅನ್ನೋದು ಗೊತ್ತಿರಬಹುದು," ಅಂದಳು.

ಮಧ್ಯಾಹ್ನ ಸರ್ಟಿಫಿಕೇಟುಗಳ ಕಟ್ಟು ನನ್ನ ಮುಂದೆ ಇಟ್ಟರು. ಸುಮಾರು ಅರವತ್ತು. ತಿರುವುತ್ತಾ ಹೋದೆ. ಎರಡು ಬೇರೆ ಬೇರೆ ಹೀಟ್ ನಂಬರು, ಆದರೆ ಇಂಗಾಲ, ಮ್ಯಾಂಗನೀಸ್, ಗಂಧಕ, ರಂಜಕ, ಕ್ರೋಮಿಯಂ ಎಲ್ಲವೂ ಮೂರನೇ ದಶಮಾಂಶದವರೆಗೆ ಒಂದೇ. ಎರಡು ಸಲ ಕರಗಿಸಿದ ಉಕ್ಕು ಹಾಗೆ ಬರುವುದಿಲ್ಲ.

ಇಲ್ಲಿ ನಮ್ಮ ವಿಜ್ಞಾನದ ಮಾಸ್ತರನ್ನು ನೆನೆಯಲೇಬೇಕು. ಒಂಬತ್ತನೇ ತರಗತಿಯಲ್ಲಿ ಲೋಲಕದ ಪ್ರಯೋಗ. ನಾನೂ ನನ್ನ ಬೆಂಚಿನವನೂ (ಅವನು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾನೆ) ಪ್ರಯೋಗ ಮಾಡದೆ ಪಕ್ಕದ ಗುಂಪಿನ ಅಂಕಿಗಳನ್ನು ಹಾಗೇ ಬರೆದುಕೊಂಡೆವು. ಮಾಸ್ತರು ಎರಡೂ ರೆಕಾರ್ಡ್ ಪುಸ್ತಕ ಅಕ್ಕಪಕ್ಕ ಇಟ್ಟು, "ತಪ್ಪು ಮಾಡಿದ್ದರೆ ಅಂಕಿ ಬೇರೆ ಬರ್ತಿತ್ತಲ್ಲೋ," ಎಂದರು. ಬೈಯಲಿಲ್ಲ. ಸಂಜೆ ಐದೂವರೆಯವರೆಗೆ ಕೂರಿಸಿ ಪೂರ್ತಿ ಮಾಡಿಸಿದರು.

ಆ ಎರಡು ಸರ್ಟಿಫಿಕೇಟಿನಲ್ಲಿ ಒಂದು ಜೆರಾಕ್ಸಿನ ಮೇಲೆ ನಂಬರು ಟೈಪ್ ಮಾಡಿದ್ದು. ಕೆಳಗೆ 'ಪರಿಶೀಲಿಸಲಾಗಿದೆ' ಎಂಬ ಸೀಲು, ಅದರ ಮೇಲೆ ಸಹಿ. ಸಹಿ ನನ್ನದು.

ಮಾರ್ಚ್ ಕೊನೆಯ ವಾರ. ಗೇಟಿನಲ್ಲಿ ಲಾರಿಗಳು ನಿಂತಿದ್ದವು. ಅರವತ್ತು ಕಾಗದಕ್ಕೆ ಅರ್ಧ ಗಂಟೆಯಲ್ಲಿ ಸಹಿ ಹಾಕಿದ್ದೆ. ಯಾರೂ ಒತ್ತಾಯ ಮಾಡಿರಲಿಲ್ಲ, ದುಡ್ಡೂ ಕೊಟ್ಟಿರಲಿಲ್ಲ. ಓದಲಿಲ್ಲ, ಅಷ್ಟೇ. ಈಗ ಆ ಹುಡುಗಿ ಎದುರು ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದಳು. ಕಟ್ಟು ಮುಚ್ಚಿ ಪಕ್ಕಕ್ಕೆ ಇಡಬಹುದಿತ್ತು. ಎಷ್ಟು ಹೊತ್ತು ಕೂತೆನೋ ನನಗೆ ನೆನಪಿಲ್ಲ. ಆಮೇಲೆ ಎರಡೂ ಹಾಳೆಗಳನ್ನು ಅವಳ ಕಡೆ ತಿರುಗಿಸಿ ಇಟ್ಟೆ. ಅವಳು ಓದಿದಳು. "ಈ ಸಹಿ ನಿಮ್ಮದಾ?" ಅಂದಳು. ಹೌದು ಅಂದೆ.

ಮಾರನೆ ದಿನ ಸ್ಥಾವರದ ಯಾರ್ಡಿಗೆ ಹೋದೆವು. ಪೈಪುಗಳನ್ನು ಇನ್ನೂ ಜೋಡಿಸಿರಲಿಲ್ಲ, ದೇವರು ದೊಡ್ಡವನು. ಕಪ್ಪು ಬಣ್ಣ ಕೆರೆದು ಒಂದೊಂದಕ್ಕೂ ಎಕ್ಸ್‌ರೇ ಗನ್ ಹಿಡಿದರು. ಕ್ರೋಮಿಯಂ ಇದೆಯೋ ಇಲ್ಲವೋ ಅದು ಕೆಲವೇ ಸೆಕೆಂಡಿನಲ್ಲಿ ಹೇಳುತ್ತದೆ. ಬಿಸಿಲಿನಲ್ಲಿ ಎರಡು ದಿನ. 14 ಪೈಪುಗಳಲ್ಲಿ ಕ್ರೋಮಿಯಂ ಇಲ್ಲವೆಂದೇ ಹೇಳಬೇಕು. ಮಾಲು ಕಡಿಮೆ ಬಿದ್ದಾಗ ಒಬ್ಬ ವ್ಯಾಪಾರಿಯಿಂದ ತಂದು ಸೇರಿಸಿದ್ದು ಎಂದು ಗೇಟಿನ ರಿಜಿಸ್ಟರಿನಿಂದ ಗೊತ್ತಾಯಿತು. ಅವನ್ನು ಕೆಂಪು ಬಣ್ಣ ಹಚ್ಚಿ ಬೇರೆ ಇಟ್ಟರು. ಖರೀದಿ ವಿಭಾಗದ ಇಬ್ಬರು ಹೋದರು. ನನಗೆ ಎರಡು ವರ್ಷ ಇನ್‌ಕ್ರಿಮೆಂಟ್ ನಿಂತಿತು. ಕಡಿಮೆಯಾಯಿತು ಎಂದೇ ನನ್ನ ಭಾವನೆ.

ನನ್ನನ್ನು ಈಗಲೂ ಕಾಡುವುದು ಅದಲ್ಲ. ಪತ್ರ ಬರೆದವರು ಯಾರು ಎಂದು ಕಂಪನಿಯಲ್ಲಿ ಹುಡುಕಾಟ ನಡೆಯಿತು. ಸ್ಟೋರಿನಲ್ಲಿ ಪೈಪುಗಳ ಮೇಲೆ ನಂಬರು ಬರೆಯುವ ಒಬ್ಬ ಕಾಂಟ್ರ್ಯಾಕ್ಟ್ ಹುಡುಗನಿದ್ದ, ಏಳನೇ ಇಯತ್ತೆಯವರೆಗೆ ಓದಿದವನು. ಅವನ ಮೇಲೆ ಅನುಮಾನ ಬಂತು. ತಿಂಗಳ ಕೊನೆಗೆ ಅವನ ಗೇಟ್‌ಪಾಸ್ ನವೀಕರಿಸಲಿಲ್ಲ. ಅವನೇ ಬರೆದನೋ ಇಲ್ಲವೋ ನಾನು ಕೇಳಲಿಲ್ಲ. ಬರೆದಿದ್ದರೆ ಆ ಸ್ಥಾವರ ಅವನಿಗೆ ಋಣಿ. ಬರೆದಿರದಿದ್ದರೆ ಅವನಿಗೆ ಆದದ್ದು ಅನ್ಯಾಯ. ಎರಡರಲ್ಲಿ ಯಾವುದಾದರೂ ಸರಿ, ನಾನು ಮ್ಯಾನೇಜರರ ಕೋಣೆಗೆ ಹೋಗಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ನನ್ನದೇ ಕುರ್ಚಿ ಅಲ್ಲಾಡುತ್ತಿತ್ತು, ಮಗಳ ಕಾಲೇಜಿನ ಫೀಸು ಕಟ್ಟುವುದಿತ್ತು ಎಂದೆಲ್ಲ ಕಾರಣ ಇದೆ. ಕಾರಣ ಯಾರಿಗೆ ಇರುವುದಿಲ್ಲ?

ಸಮಯವಾಯಿತು ಎಂದು ಅಕ್ಕೋರು ಚೀಟಿ ಕಳಿಸಿದ್ದಾರೆ. ಮಕ್ಕಳಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಎರಡು ಪೈಪಿನ ತುಂಡು ತಂದಿದ್ದೇನೆ, ವಿಜ್ಞಾನದ ಕೊಠಡಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಒಂದರಲ್ಲಿ ಕ್ರೋಮಿಯಂ ಇದೆ, ಇನ್ನೊಂದು ಸಾದಾ. ಅಯಸ್ಕಾಂತ ಹಿಡಿದು ನೋಡಿ, ಎರಡಕ್ಕೂ ಅಂಟುತ್ತದೆ. ತಕ್ಕಡಿಯಲ್ಲಿಟ್ಟರೂ ಗೊತ್ತಾಗುವುದಿಲ್ಲ. ಒಂದರ ಮೈಮೇಲೆ ಬಣ್ಣದ ಕೆಳಗೆ ನಂಬರು ಇದೆ, ಮರಳು ಕಾಗದ ಪಕ್ಕದಲ್ಲೇ ಇಟ್ಟಿದ್ದೇನೆ. ಆ ನಂಬರಿನ ಸರ್ಟಿಫಿಕೇಟು ಎಂದು ಮೂರು ಕಾಗದ ಇವೆ, ಅದರಲ್ಲಿ ಒಂದೇ ನಿಜವಾದದ್ದು. ಊಟ ಮುಗಿಸಿ ಬನ್ನಿ, ನಾನು ನಾಲ್ಕು ಗಂಟೆಯವರೆಗೆ ಅಲ್ಲೇ ಇರುತ್ತೇನೆ.