ಹಳೆಯ ಕಿರುಗುಂಡಿನ ರೈಫಲು

ಬಂದೂಕೆಂದೊಡನೆ ನಮ್ಮಲ್ಲನೇಕರಿಗೆ ಹುಲಿಬೇಟೆಯೋ ಯುದ್ಧವೋ ನೆನಪಿಗೆ ಬರುವುದು ಸಹಜ. ಈ ಹೊತ್ತು ನಾನು ಹೇಳಬೇಕೆಂದಿರುವುದು ಅಂಥ ಭಾರಿ ಆಯುಧದ ವಿಷಯವಲ್ಲ. ಅಮೆರಿಕದ ರೈತರ ಮನೆಗಳಲ್ಲಿ ಕೋಣೆಯ ಮೂಲೆಗೆ ಒರಗಿರುತ್ತಿದ್ದ, ಹುಡುಗರು ಖಾಲಿ ಡಬ್ಬಿಗಳಿಗೆ ಹೊಡೆದು ಗುರಿ ಕಲಿಯುತ್ತಿದ್ದ, ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲಿನಷ್ಟೇ ಗಾತ್ರದ ಗುಂಡನ್ನು ಹಾರಿಸುವ ರೈಫಲಿನ ವಿಷಯ. ಅದರಲ್ಲಿಯೂ ತಾನೇ ತೋಟಾ ತುಂಬಿಕೊಳ್ಳತಕ್ಕ ಜಾತಿ. ಕುದುರೆಯನ್ನು ಒಂದು ಸಲ ಎಳೆದರೆ ಹಾರುವುದು ಒಂದೇ ಗುಂಡು. ಆದರೆ ಸುಟ್ಟ ತೋಟಾವನ್ನು ಹೊರಕ್ಕೆಸೆದು ಹೊಸದನ್ನು ನಳಿಗೆಗೆ ಸೇರಿಸುವ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುತ್ತದೆ.

ಅಮೆರಿಕದಲ್ಲಿ ಇಂಥದನ್ನು ಮೊದಲು ಮಾರಾಟಕ್ಕೆ ತಂದುದು ನ್ಯೂ ಹೇವನ್ ನಗರದ ವಿಂಚೆಸ್ಟರ್ ಕಂಪೆನಿ, ೧೯೦೩ರಲ್ಲಿ. ರಚಿಸಿದವನು ಟಿ. ಸಿ. ಜಾನ್ಸನ್. ಇದರ ತತ್ತ್ವ ಬಹು ಸರಳವಾದದ್ದು. ಮದ್ದು ಉರಿದಾಗ ಹುಟ್ಟುವ ಅನಿಲವು ಗುಂಡನ್ನು ಮುಂದಕ್ಕೆ ನೂಕುವಂತೆಯೇ ಹಿತ್ತಾಳೆಯ ತೋಟಾವನ್ನು ಹಿಂದಕ್ಕೂ ನೂಕುತ್ತದೆ. ಅದನ್ನು ತಡೆಯಲು ಇಲ್ಲಿ ಅಗುಳಿಯಿಲ್ಲ, ಬೀಗವಿಲ್ಲ. ಬೋಲ್ಟಿನ ಭಾರವೂ ಒಂದು ಸ್ಪ್ರಿಂಗೂ ಮಾತ್ರ. ಭಾರವಾದ ವಸ್ತು ಅಲುಗಾಡುವುದಕ್ಕೆ ಕೊಂಚ ಹೊತ್ತು ಬೇಕಷ್ಟೆ. ಅಷ್ಟರಲ್ಲಿ ಗುಂಡು ನಳಿಗೆಯನ್ನು ದಾಟಿರುತ್ತದೆ. ನ್ಯೂಟನ್ನನ ನಿಯಮಗಳನ್ನು ಕರಿಹಲಗೆಯ ಮೇಲೆ ಬರೆದು ಬೇಸರಪಡಿಸುವುದಕ್ಕಿಂತ ಇದೊಂದನ್ನು ಬಿಚ್ಚಿ ತೋರಿಸುವುದು ಮೇಲೆಂದು ನನಗೆ ತೋರುತ್ತದೆ.

ಈ ರೈಫಲಿಗೆ ವಿಂಚೆಸ್ಟರಿನವರು ಬೇರೆಯೇ ಒಂದು ತೋಟಾವನ್ನು ಮಾಡಿದರು. ಅದಕ್ಕೆ ಕಾರಣವುಂಟು. ೧೮೮೭ರಿಂದ ಬಳಕೆಯಲ್ಲಿದ್ದ ‘ಲಾಂಗ್ ರೈಫಲ್’ ಎಂಬ ಸಾಮಾನ್ಯ ತೋಟಾದಲ್ಲಿ ಆಗಿನ್ನೂ ಕರಿಮದ್ದು ಹೆಚ್ಚಾಗಿ ಬಳಕೆಯಲ್ಲಿತ್ತು. ಅದರ ಮಸಿ ಸೇರಿದರೆ ಇಂಥ ಯಂತ್ರ ಬೇಗ ಸಿಕ್ಕಿಕೊಳ್ಳುತ್ತದೆ. ಬೇರೆ ಅಳತೆಯ, ಹೊಗೆಯಿಲ್ಲದ ಮದ್ದಿನ ತೋಟಾ ಆದರೆ ಕೊಳ್ಳುವವನು ಕರಿಮದ್ದನ್ನು ಹಾಕುವಂತೆಯೇ ಇಲ್ಲ. ಉಪಾಯವೇನೋ ಫಲಿಸಿತು. ೧೯೦೭ರ ಡಿಸೆಂಬರಿನಲ್ಲಿ ಸಾನ್ ಆಂಟೋನಿಯೋದಲ್ಲಿ ಆಡ್ ಟಾಪರ್‌ವೈನ್ ಎಂಬ ಗುರಿಕಾರನು ಈ ಮಾದರಿಯ ರೈಫಲುಗಳಿಂದ ಹತ್ತು ದಿನಗಳಲ್ಲಿ, ಮೇಲಕ್ಕೆಸೆದ ೭೨,೫೦೦ ಮರದ ತುಂಡುಗಳಿಗೆ ಹೊಡೆದು, ಒಂಬತ್ತರಲ್ಲಿ ಮಾತ್ರ ತಪ್ಪಿದನು.

ಆದರೆ ಆ ಉಪಾಯವೇ ಈಗ ಒಡೆಯನಿಗೆ ತೊಡಕಾಗಿದೆ. ೧೯೧೪ರಲ್ಲಿ ಬೆಲ್ಜಿಯಮ್ಮಿನ ಎಫ್. ಎನ್. ಕಾರ್ಖಾನೆಯಿಂದ ಹೊರಬಂದ ಬ್ರೌನಿಂಗನ ರೈಫಲು ಸಾಮಾನ್ಯ ತೋಟಾಗಳಿಂದಲೇ ನಡೆಯುತ್ತಿತ್ತು. ವಿಂಚೆಸ್ಟರಿನವರೂ ೧೯೩೨ರಲ್ಲಿ ತಮ್ಮ ಹಳೆಯ ಮಾದರಿಯನ್ನು ಬಿಟ್ಟು, ಮರುವರ್ಷ ಲಾಂಗ್ ರೈಫಲ್ ತೋಟಾದ ೬೩ನೆಯ ಮಾದರಿಯನ್ನು ತಂದರು. ಹಿಂದಿನ ಲಕ್ಷಕ್ಕೆ ಮೀರಿದ ರೈಫಲುಗಳು ಆಹಾರವಿಲ್ಲದೆ ಉಳಿದವು. ಅವುಗಳ ತೋಟಾ ಈಗ ದೊರೆಯುವುದು ದುರ್ಲಭ. ಸಾಮಾನ್ಯ ತೋಟಾವನ್ನು ಅದರೊಳಗೆ ಹಾಕಿದರಾಗದೆ ಎಂದರೆ, ಕೂಡದು. ಅದು ಅಲ್ಲಿ ಸಡಿಲವಾಗಿ ಕೂರುತ್ತದೆ. ಹಿತ್ತಾಳೆ ಸೀಳಿ ಬಿಸಿ ಅನಿಲ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ, ನುಗ್ಗಬಹುದು. ನಳಿಗೆಯನ್ನೇ ಕೊರೆದು ಒಳಗೆ ಬೇರೆ ಕೊಳವೆ ಸೇರಿಸುವವರೂ ಉಂಟು. ನನ್ನ ಮಟ್ಟಿಗೆ, ಒಮ್ಮೆ ಮಾಡಿದರೆ ಹಿಂದಿರುಗಿಸಲಾಗದ ಯಾವ ಕೆಲಸವನ್ನೂ ಹಳೆಯ ವಸ್ತುವಿಗೆ ಮಾಡಬಾರದು. ಮಾಸಿದ ಉಕ್ಕಿಗೆ ಹೊಸದಾಗಿ ನೀಲಿ ಹೊಳಪು ಕೊಡಿಸುವುದೂ ಈ ಜಾತಿಯದೇ; ಹೊಳಪಿಗಾಗಿ ಉಜ್ಜುವಾಗ ಅಂಚುಗಳೂ ಅಕ್ಷರಗಳೂ ಸವೆದುಹೋಗುತ್ತವೆ. ತೋಟಾ ಇಲ್ಲದಿದ್ದರೆ ರೈಫಲು ಮೌನವಾಗಿರಲಿ.

ಇನ್ನು ಪಾಲನೆ. ಹಳೆಯ ನಳಿಗೆಗಳು ಕೆಟ್ಟದ್ದು ಹೊಡೆದು ಸವೆದುದರಿಂದಲ್ಲ, ಉಪ್ಪಿನಿಂದ. ಹಿಂದಿನ ತೋಟಾಗಳ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇತ್ತು. ಅದು ಸಿಡಿದ ಮೇಲೆ ಉಳಿಯುವುದು ಕ್ಲೋರೈಡ್, ಅಡಿಗೆಯುಪ್ಪಿನ ಸಮೀಪ ಬಂಧು. ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಅದು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುವುದು. ಆದ್ದರಿಂದ ಅಂದಿನ ತಿಳಿದವರು ಮೊದಲು ಬಿಸಿನೀರಿನಿಂದ ತೊಳೆದು ಒಣಗಿಸಿ ಆಮೇಲೆ ಎಣ್ಣೆ ಸವರುತ್ತಿದ್ದರು. ೧೯೨೬ರಲ್ಲಿ ರೆಮಿಂಗ್ಟನ್ ಕಂಪೆನಿಯು ತುಕ್ಕು ಹಿಡಿಸದ ಸಿಡಿಮದ್ದನ್ನು ಮಾರಾಟಕ್ಕೆ ತಂದ ಮೇಲೆ ಈ ಕಷ್ಟ ಕಡಿಮೆಯಾಯಿತು. ಈಗಿನ ತೋಟಾಗಳಿಂದ ಉಳಿಯುವುದು ಮೇಣ ಮತ್ತು ಮಸಿ. ಅದನ್ನು ಬೋಲ್ಟಿನ ಮುಖದಿಂದ ಆಗಾಗ್ಗೆ ತೆಗೆದರೆ ಸಾಕು. ನಳಿಗೆಯೊಳಕ್ಕೆ ದಿನವೂ ಸರಳು ಹಾಯಿಸಬೇಕಾಗಿಲ್ಲ. ಬಾಯಿಯ ಕಡೆಯಿಂದ ಸರಳು ತೂರಿಸಿ ಅಲ್ಲಿಯ ಅಂಚನ್ನು ಸವೆಸಿದರಂತೂ ಗುರಿ ಕೆಡುತ್ತದೆ. ಎಣ್ಣೆ ಹನಿಯಷ್ಟು ಸಾಕು. ಹೆಚ್ಚಾದುದು ಧೂಳನ್ನು ಕೂಡಿಸಿ ಅಂಟಾಗುತ್ತದೆ. ತೋಟಾ ಇಲ್ಲದೆ ಕುದುರೆಯನ್ನೆಳೆದು ಆಟವಾಡಿದರೆ ಒಳಗಿನ ಮೊಳೆ ನಳಿಗೆಯ ಅಂಚಿಗೇ ಬಡಿದು ತಗ್ಗು ಮಾಡಬಹುದು.

ನಮ್ಮ ದೇಶದಲ್ಲಿ ಇಂಥದೊಂದು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತೆನ್ನಿ. ೧೯೫೯ರ ಆಯುಧ ಕಾಯಿದೆಯಂತೆ ಲೈಸೆನ್ಸಿನ ಮಾತು ಮೊದಲು, ಅಭಿಮಾನದ ಮಾತು ಆಮೇಲೆ. ಅದಕ್ಕೂ ಮೊದಲು ಒಂದು ಎಚ್ಚರಿಕೆ. ೧೯೦೩ರ ಮಾದರಿಯಲ್ಲಿ ಹತ್ತು ತೋಟಾಗಳ ಕೊಳವೆ ಭುಜಕ್ಕಾನಿಸುವ ಮರದೊಳಗೆ ಅಡಗಿರುತ್ತದೆ, ಹೊರಗೆ ಕಾಣದು. ಆ ಕೊಳವೆಯನ್ನು ಎಳೆದು ಬರಿದುಮಾಡಿದರೂ ನಳಿಗೆಯ ಬುಡದಲ್ಲಿ ಒಂದು ಉಳಿದಿರಬಹುದು. ಬಾಯನ್ನು ಯಾರ ಕಡೆಗೂ ತಿರುಗಿಸದೆ, ಕುದುರೆಯ ಮೇಲೆ ಬೆರಳಿಡದೆ, ಬೋಲ್ಟನ್ನು ಹಿಂದಕ್ಕೆ ಸರಿಸಿ, ಬೆಳಕಿನಲ್ಲಿ ಕಣ್ಣಾರೆ ನೋಡಬೇಕು. ಈ ಕೆಲಸದ ಪರಿಚಯವಿಲ್ಲದವರು ಅದನ್ನು ಮುಟ್ಟದೆ, ಬಲ್ಲವರನ್ನು ಕರೆಯಿಸತಕ್ಕದ್ದು.