ಮನೆ ಕಾಯುವ ಹೊಗೆ ಸೂಚಕ ಮತ್ತು ಅದರ ಬ್ಯಾಟರಿಯ ಜೋಪಾನ



ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವರ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅಪಾಯ ಬಂದೆರಗಿದ ಮೇಲೆ ಮಾಡುವ ಸಿದ್ಧತೆ ನಿಷ್ಫಲವೆಂಬುದನ್ನು ಹಿರಿಯರು ಇದಕ್ಕಿಂತ ಚೆನ್ನಾಗಿ ಹೇಳಲಾರರು.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. ಇದರ ಹಿಂದೆ ಮುಂಬಯಿಯ ಒಂದು ದುರಂತದ ನೆನಪಿದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗಿನಲ್ಲಿ ಹತ್ತಿಯ ಅಂಡಿಗೆಗಳೂ ಸಿಡಿಮದ್ದೂ ತುಂಬಿದ್ದವು. ಹಡಗಿನಿಂದ ಹೊಗೆ ಏಳುತ್ತಿದ್ದುದು ಸಮೀಪದಲ್ಲಿದ್ದ ಕೆಲವರ ಕಣ್ಣಿಗೆ ಮಧ್ಯಾಹ್ನವೇ ಬಿದ್ದಿತ್ತು. ಆದರೆ ಹಡಗಿನ ಸಿಬ್ಬಂದಿ ಎಚ್ಚೆತ್ತುಕೊಂಡದ್ದು ಸುಮಾರು ಎರಡು ಗಂಟೆಯ ಹೊತ್ತಿಗೆ. ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸ್ಫೋಟಿಸಿತು. ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಹೊಗೆ ಕೊಟ್ಟ ಮುನ್ಸೂಚನೆ ಸಕಾಲದಲ್ಲಿ ತಲುಪಬೇಕಾದವರಿಗೆ ತಲುಪಲಿಲ್ಲ.

ಬೆಂಕಿಯ ಅನಾಹುತಗಳಲ್ಲಿ ಜನರು ಸಾಯುವುದು ಸುಟ್ಟ ಗಾಯಗಳಿಂದ ಮಾತ್ರವೇ ಎಂಬ ಭಾವನೆ ಸರಿಯಲ್ಲ. ಎಷ್ಟೋ ಸಂದರ್ಭಗಳಲ್ಲಿ ಜ್ವಾಲೆಗಿಂತ ಮೊದಲು ಹೊಗೆ ಕೊಲ್ಲುತ್ತದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಮೃತಪಟ್ಟರು. ಅವರ ಸಾವಿಗೆ ಮುಖ್ಯ ಕಾರಣ ಉಸಿರುಗಟ್ಟಿಸಿದ ಹೊಗೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ನಿದ್ರೆಯಲ್ಲಿ ಮೂಗು ಎಚ್ಚರವಾಗಿರುವುದಿಲ್ಲ. ಹೊಗೆಯ ವಾಸನೆ ಎಬ್ಬಿಸೀತೆಂದು ನಂಬಿ ಮಲಗುವುದು ಅಪಾಯಕರ. ಶಬ್ದವಾದರೆ ಎಬ್ಬಿಸಬಲ್ಲದು. ಹೊಗೆ ಸೂಚಕದ ಪ್ರಯೋಜನವೆಲ್ಲ ಇಲ್ಲಿದೆ.

ಹೋಟೆಲು, ಆಸ್ಪತ್ರೆ, ಕಚೇರಿಗಳ ಛಾವಣಿಯಲ್ಲಿ ಕಾಣುವ ಸೂಚಕಗಳು ಸಾಮಾನ್ಯವಾಗಿ ತಂತಿಯ ಮೂಲಕ ಕಟ್ಟಡದ ಕೇಂದ್ರ ಫಲಕಕ್ಕೆ ಸೇರಿರುತ್ತವೆ. ಮನೆಯಲ್ಲಿ ಬಳಸುವ ಚಿಕ್ಕ ಸಾಧನ ತಾನೇ ಹೊಗೆಯನ್ನು ಪತ್ತೆಮಾಡಿ ತಾನೇ ಕೂಗುತ್ತದೆ. ಮೂರು ಮೀಟರ್ ದೂರದಲ್ಲಿ ಅದರ ಸದ್ದು ಸುಮಾರು 85 ಡೆಸಿಬೆಲ್‌ಗಳಷ್ಟಿರುತ್ತದೆ.

ಇವುಗಳಲ್ಲಿ ಎರಡು ಮುಖ್ಯ ಬಗೆಗಳುಂಟು. ಮೊದಲನೆಯದರಲ್ಲಿ ಬೆಳಕಿನ ಕಿರಣವೊಂದು ಕತ್ತಲ ಗೂಡಿನೊಳಗೆ ಹಾಯುತ್ತಿರುತ್ತದೆ. ಹೊಗೆಯ ಕಣಗಳು ಒಳಹೊಕ್ಕೊಡನೆ ಬೆಳಕು ಚದುರಿ ಗ್ರಾಹಕದ ಮೇಲೆ ಬೀಳುತ್ತದೆ, ಸೂಚಕ ಕೂಗುತ್ತದೆ. ಹಾಸಿಗೆ, ದಿಂಬುಗಳಲ್ಲಿ ಒಳಗೊಳಗೇ ಹೊಗೆಯಾಡುವ ಬೆಂಕಿಯನ್ನು ಇದು ಬೇಗ ಗುರುತಿಸುತ್ತದೆ. ಎರಡನೆಯದರಲ್ಲಿ ಅಮೆರಿಸಿಯಂ-241 ಎಂಬ ವಿಕಿರಣಶೀಲ ಧಾತು ಅತ್ಯಲ್ಪ ಪ್ರಮಾಣದಲ್ಲಿದ್ದು, ಗಾಳಿಯನ್ನು ಅಯಾನುಗಳಾಗಿಸಿ ಸಣ್ಣ ವಿದ್ಯುತ್ ಪ್ರವಾಹವನ್ನು ಉಂಟುಮಾಡುತ್ತದೆ. ಹೊಗೆ ಬಂದಾಗ ಆ ಪ್ರವಾಹ ಕುಗ್ಗುತ್ತದೆ. ಧಗ್ಗನೆ ಹೊತ್ತಿಕೊಳ್ಳುವ ಬೆಂಕಿಯನ್ನು ಇದು ಶೀಘ್ರವಾಗಿ ಪತ್ತೆಮಾಡುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಇದರಿಂದ ಮನೆಯವರಿಗೆ ಭಯವಿಲ್ಲ. ಆದರೆ ಇದನ್ನು ಒಡೆಯುವುದಾಗಲಿ ಸುಡುವುದಾಗಲಿ ಕೂಡದು.

ಸಾಧನ ಎಷ್ಟೇ ಸೂಕ್ಷ್ಮವಾಗಿದ್ದರೂ ಅದರ ಜೀವ ಇರುವುದು ಬ್ಯಾಟರಿಯಲ್ಲಿ. ಅಮೆರಿಕದಲ್ಲಿ ಈ ಸೂಚಕಗಳು ಬಹುತೇಕ ಮನೆಗಳಲ್ಲಿವೆ. ಆದರೂ ಅಲ್ಲಿ ಮನೆಯ ಬೆಂಕಿಯಲ್ಲಿ ಸಂಭವಿಸುವ ಪ್ರತಿ ಐದು ಸಾವುಗಳಲ್ಲಿ ಸುಮಾರು ಮೂರು, ಸೂಚಕವೇ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಗಳಲ್ಲಿ ಸಂಭವಿಸಿವೆಯೆಂದು ಅಲ್ಲಿನ ಅಧ್ಯಯನಗಳು ತೋರಿಸಿವೆ. ಕೂಗದ ಸೂಚಕಗಳನ್ನು ಪರೀಕ್ಷಿಸಿದಾಗ ಕಂಡುಬಂದ ಬಹುಮುಖ್ಯ ಕಾರಣ ಒಂದೇ: ಬ್ಯಾಟರಿಯನ್ನು ತೆಗೆದಿಡಲಾಗಿತ್ತು, ಸಂಪರ್ಕ ಕಳಚಲಾಗಿತ್ತು ಅಥವಾ ಅದು ತೀರಿಹೋಗಿತ್ತು.

ಬ್ಯಾಟರಿಯನ್ನು ಜನರು ತೆಗೆಯುವುದೇಕೆ? ಒಗ್ಗರಣೆಯ ಹೊಗೆಗೆ ಸೂಚಕ ಕೂಗಿಕೊಂಡರೆ ಮನೆಯವರಿಗೆ ಕಿರಿಕಿರಿ. ಕುರ್ಚಿ ಹತ್ತಿ ಬ್ಯಾಟರಿಯನ್ನು ಕಿತ್ತಿಡುತ್ತಾರೆ. ಊಟವಾದ ಮೇಲೆ ಹಾಕಿದರಾಯಿತೆಂದು ಮರೆಯುತ್ತಾರೆ. ಮತ್ತೊಮ್ಮೆ ಮಗುವಿನ ಆಟಿಕೆಗೆ ಬ್ಯಾಟರಿ ಬೇಕಾಗಿ, ಅದು ಛಾವಣಿಯಿಂದ ಇಳಿದುಬರುತ್ತದೆ. ಗೋಡೆಯ ಮೇಲೆ ಸೂಚಕ ಕಾಣುತ್ತಿರುವುದರಿಂದ ಮನೆಯವರು ನಿಶ್ಚಿಂತೆಯಿಂದ ಮಲಗುತ್ತಾರೆ. ಸೂಚಕವಿಲ್ಲದ ಮನೆಗಿಂತ ಇಂತಹ ಮನೆ ಯಾವ ರೀತಿಯಲ್ಲೂ ಸುರಕ್ಷಿತವಲ್ಲ.

ಇದಕ್ಕೆ ಪರಿಹಾರ ಸೂಚಕವನ್ನು ಸರಿಯಾದ ಸ್ಥಳದಲ್ಲಿ ಇರಿಸುವುದು. ಅಡಿಗೆ ಒಲೆಯಿಂದ ಕನಿಷ್ಠ ಮೂರು ಮೀಟರ್ ದೂರವಿರಬೇಕು. ಸ್ನಾನದ ಮನೆಯ ಹಬೆ, ದೇವರ ಮನೆಯ ಊದುಬತ್ತಿ ಹಾಗೂ ಧೂಪದ ಹೊಗೆ ನೇರವಾಗಿ ತಾಗಬಾರದು. ಮಲಗುವ ಕೋಣೆಗಳ ಒಳಗೂ ಅವುಗಳ ಹೊರಗಿನ ಓಣಿಯಲ್ಲೂ ಇರುವುದು ಉತ್ತಮ. ಹೊಗೆ ಮೇಲೇರುವುದರಿಂದ ಛಾವಣಿಯೇ ತಕ್ಕ ಸ್ಥಳ. ಆದರೆ ಪಂಖದ ರೆಕ್ಕೆಯ ತುದಿಯಿಂದ ಒಂದು ಮೀಟರಿನಷ್ಟು ಅಂತರವಿರಲಿ. ಪಂಖದ ಗಾಳಿ ಹೊಗೆಯನ್ನು ಬದಿಗೆ ತಳ್ಳಿಬಿಡುತ್ತದೆ.

ಬ್ಯಾಟರಿ ತೀರುತ್ತ ಬಂದಾಗ ಸೂಚಕ ನಿಮಿಷಕ್ಕೊಮ್ಮೆಯಂತೆ ‘ಕೀಂ’ ಎಂದು ಚುಟುಕಾಗಿ ಸದ್ದು ಮಾಡುತ್ತದೆ. ಇದು ಹೆಚ್ಚಾಗಿ ಆರಂಭವಾಗುವುದು ಬೆಳಗಿನ ಜಾವದಲ್ಲಿ. ಚಳಿಗೆ ಬ್ಯಾಟರಿಯ ಶಕ್ತಿ ಇನ್ನಷ್ಟು ಕುಗ್ಗುವುದೇ ಕಾರಣ. ದೆಹಲಿಯಂತಹ ಊರುಗಳ ಮಾಗಿಯಲ್ಲಿ ಈ ಅನುಭವ ಸಹಜ. ನಿದ್ದೆಗೆಟ್ಟವರು ಬ್ಯಾಟರಿಯನ್ನು ಕಿತ್ತೊಗೆದು ಮತ್ತೆ ಮಲಗುವುದಕ್ಕಿಂತ, ಹೊಸದೊಂದನ್ನು ಮೊದಲೇ ಮನೆಯಲ್ಲಿರಿಸಿಕೊಳ್ಳುವುದು ಜಾಣತನ.

ಗೃಹಸ್ಥರು ಪಾಲಿಸಬೇಕಾದ ಕೆಲವು ನಿಯಮಗಳು ಹೀಗಿವೆ:

ತಿಂಗಳಿಗೊಮ್ಮೆ ಪರೀಕ್ಷಾ ಗುಂಡಿಯನ್ನು ಒತ್ತಿ ಸದ್ದು ಬರುವುದೇ ಎಂದು ನೋಡಬೇಕು. ಬದಲಿಸುವಂತಹ ಬ್ಯಾಟರಿಯಿದ್ದರೆ ವರ್ಷಕ್ಕೊಮ್ಮೆ ಬದಲಿಸಬೇಕು. ಯುಗಾದಿಯೋ ದೀಪಾವಳಿಯೋ ಒಂದು ಹಬ್ಬವನ್ನು ಗುರುತಾಗಿಟ್ಟುಕೊಂಡರೆ ಮರೆವಿಗೆ ಎಡೆಯಿರದು. ಧೂಳನ್ನು ಮೃದುವಾದ ಕುಂಚದಿಂದ ತೆಗೆಯಬೇಕು, ಬಣ್ಣ ಬಳಿಯಬಾರದು. ತಯಾರಿಕೆಯ ದಿನಾಂಕದಿಂದ ಹತ್ತು ವರ್ಷಗಳಾದ ಮೇಲೆ ಇಡೀ ಸಾಧನವನ್ನೇ ಬದಲಿಸಬೇಕು. ಹತ್ತು ವರ್ಷ ಬಾಳುವ ಲಿಥಿಯಂ ಬ್ಯಾಟರಿಯನ್ನು ಒಳಗೇ ಮುದ್ರಿಸಿಟ್ಟ ಸೂಚಕಗಳೂ ದೊರೆಯುತ್ತವೆ. ಇವುಗಳಲ್ಲಿ ಬ್ಯಾಟರಿಯನ್ನು ಕಿತ್ತು ಬೇರೆಡೆ ಬಳಸುವ ಆಸೆಗೇ ಅವಕಾಶವಿಲ್ಲ.

ತೆಗೆದ ಬ್ಯಾಟರಿಯ ಬಗ್ಗೆಯೂ ಎಚ್ಚರ ಬೇಕು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಯ ಎರಡು ಧ್ರುವಗಳೂ ಒಂದೇ ತಲೆಯ ಮೇಲೆ ಅಕ್ಕಪಕ್ಕದಲ್ಲಿರುತ್ತವೆ. ಅದನ್ನು ಬೀಗದ ಕೈ, ನಾಣ್ಯ ಅಥವಾ ಪಾತ್ರೆ ಉಜ್ಜುವ ಉಕ್ಕಿನ ನಾರಿನೊಂದಿಗೆ ಡ್ರಾಯರಿನಲ್ಲಿಟ್ಟರೆ ಶಾರ್ಟ್ ಸರ್ಕ್ಯೂಟಾಗಿ ಬೆಂಕಿ ಹೊತ್ತಬಹುದು. ತೀರಿತೆಂದು ತೆಗೆದ ಬ್ಯಾಟರಿಯಲ್ಲೂ ಇದಕ್ಕೆ ಸಾಕಾಗುವಷ್ಟು ಶಕ್ತಿ ಉಳಿದಿರುತ್ತದೆ. ಆದ್ದರಿಂದ ಧ್ರುವಗಳ ಮೇಲೆ ಅಂಟುಪಟ್ಟಿ ಸುತ್ತಿಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮನೆಯ ಇತರ ಕಸದಿಂದ ಬೇರ್ಪಡಿಸಿ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೆ ಒಪ್ಪಿಸುವುದು ಬಳಕೆದಾರರ ಕರ್ತವ್ಯ.

ಹೊಗೆ ಸೂಚಕಕ್ಕೆ ಅಡಿಗೆ ಅನಿಲದ ಸೋರಿಕೆ ತಿಳಿಯುವುದಿಲ್ಲ ಎಂಬುದನ್ನೂ ಮರೆಯಬಾರದು. ಆ ಅನಿಲ ಗಾಳಿಗಿಂತ ಭಾರವಾದುದು, ನೆಲಮಟ್ಟದಲ್ಲೇ ಹರಡುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ, ಬಾಗಿಲುಗಳನ್ನು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ರಾತ್ರಿ ಸೂಚಕ ಕೂಗಿದಾಗ ಸಾಮಾನುಗಳಿಗಾಗಿ ತಡೆಯದೆ ಎಲ್ಲರನ್ನೂ ಎಬ್ಬಿಸಿ ಹೊರನಡೆಯಬೇಕು. ಹೊಗೆ ದಟ್ಟವಾಗಿದ್ದರೆ ನೆಲದ ಬಳಿ ತೆವಳಿ ಸಾಗಬೇಕು. ಹಿಂದಿನ ಬಾಗಿಲನ್ನು ಮುಚ್ಚಿಕೊಂಡು ಬರಬೇಕು. ಲಿಫ್ಟ್ ಬಳಸದೆ ಮೆಟ್ಟಿಲುಗಳಿಂದಲೇ ಇಳಿಯಬೇಕು. ಹೊರಗೆ ಬಂದೊಡನೆ 101 ಅಥವಾ 112ಕ್ಕೆ ಕರೆ ಮಾಡಬೇಕು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಬಹುಮಹಡಿ ಮನೆಗಳಲ್ಲಿ ಕಳ್ಳರ ಭಯಕ್ಕೆ ಕಬ್ಬಿಣದ ಗ್ರಿಲ್ಲುಗಳನ್ನು ಹಾಕಿರುತ್ತಾರೆ. ಅವುಗಳ ಬೀಗದ ಕೈ ಎಲ್ಲಿದೆಯೆಂದು ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ತಿಳಿದಿರಬೇಕು. ಬೀಗ ತೆರೆಯದಿದ್ದರೆ ಸೂಚಕ ಎಬ್ಬಿಸಿಯೂ ಫಲವಿಲ್ಲ.

ಅಂಗೈಯಗಲದ ಒಂದು ಸಾಧನ, ಅದರೊಳಗೊಂದು ಚಿಕ್ಕ ಬ್ಯಾಟರಿ. ಇವು ಬೆಂಕಿಯನ್ನು ಆರಿಸಲಾರವು. ಆದರೆ ಹೊರಗೋಡಲು ಬೇಕಾದ ಕೆಲವು ನಿಮಿಷಗಳನ್ನು ದೊರಕಿಸಿಕೊಡುತ್ತವೆ. ಮನೆಮಂದಿ ಇಂದು ರಾತ್ರಿ ಮಲಗುವ ಮುನ್ನ ಪರೀಕ್ಷಾ ಗುಂಡಿಯನ್ನೊಮ್ಮೆ ಒತ್ತಿ ನೋಡಲಿ. ಸದ್ದು ಬಾರದಿದ್ದರೆ ನಾಳೆಯ ಪೇಟೆಯ ಪಟ್ಟಿಯಲ್ಲಿ ಮೊದಲ ಸಾಲಿಗೆ ಬ್ಯಾಟರಿಯನ್ನು ಬರೆದುಕೊಳ್ಳಲಿ.